ಅಲೆ ತಡೆವ ದೇವರ ಅಂಗಳದಲ್ಲಿ

ಟೋಕಿಯೋ ನಗರದ ಗಿಂಜಾ ಎಂಬ ಶ್ರೀಮಂತ ಪೇಟೆಯಿಂದ ಸ್ವಲ್ಪ ದೂರ ನಡೆದರೆ ತ್ಸುಕಿಜಿ ಎಂಬ ಬಡಾವಣೆ ಸಿಗುತ್ತದೆ. ಸುಮಿದಾ ನದಿಯು ಸಮುದ್ರವನ್ನು ಸಮೀಪಿಸುವ ಎಡೆ ಅದು. 'ತ್ಸುಕಿಜಿ' ಎಂದರೆ 'ಕಟ್ಟಿದ ನೆಲ' ಎಂದೇ ಅರ್ಥ. ನಿಸರ್ಗವು ತಾನಾಗಿ ಕೊಟ್ಟ ನೆಲವಲ್ಲ. ಮನುಷ್ಯನು ಸಮುದ್ರದ ಬಾಯಿಂದ ಕಸಿದುಕೊಂಡ ನೆಲ. ಆ ನೆಲದ ಒಂದು ಮೂಲೆಯಲ್ಲಿ, ಅಂಗಡಿಗಳ ಸಾಲು ಮುಗಿಯುವಲ್ಲಿ, ನಮ್ಮ ಹಳ್ಳಿಗಳ ಅಗಸೆಯ ಬಳಿ ಇರುವಂಥ ಒಂದು ಚಿಕ್ಕ ಗುಡಿ ಇದೆ. ಅದು ಶಿಂತೋ ಮತದವರ ಗುಡಿ. ಹೆಸರು ನಾಮಿಯೋಕೆ ಇನಾರಿ. 'ನಾಮಿ' ಎಂದರೆ ಅಲೆ. 'ಯೋಕೆ' ಎಂದರೆ ತಡೆಯುವುದು, ದೂರವಿಡುವುದು. ಅಲೆ ತಡೆವ ಇನಾರಿ ದೇವರು ಎಂದು ನಾವು ಹೇಳಿಕೊಳ್ಳಬಹುದು.

2023ರ ನವೆಂಬರ್ ತಿಂಗಳಲ್ಲಿ ನಾನು ಆ ನಗರದಲ್ಲಿ ಕೆಲವು ದಿನ ಇರುವ ಸಂದರ್ಭ ಒದಗಿತು. ನನ್ನ ತಂಗಿಯ ಮಗ ಅಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ಅವನು ನನ್ನನ್ನು ಮೆಯಿಜಿ ಚಕ್ರವರ್ತಿಯ ಹೆಸರಿನ ದೊಡ್ಡ ದೇವಾಲಯಕ್ಕೆ ಕರೆದೊಯ್ಯಲು ಸಿದ್ಧನಾಗಿದ್ದ. ಅದು 1920ರಲ್ಲಿ ಕಟ್ಟಿದ ಭವ್ಯ ಕ್ಷೇತ್ರ. ಸುತ್ತ ಜನರೇ ಕಾಣಿಕೆಯಾಗಿ ಕೊಟ್ಟ ಗಿಡಗಳಿಂದ ಬೆಳೆದ ಅರಣ್ಯ. ನಾನು ಅದನ್ನು ನೋಡಲು ಒಲ್ಲೆ ಎನ್ನಲಿಲ್ಲ. ಆದರೆ ಒಂದು ನಾಡಿನ ಭಕ್ತಿಯ ನಾಡಿಯನ್ನು ಹಿಡಿದು ನೋಡಬೇಕಾದರೆ ಅರಸರು ಕಟ್ಟಿಸಿದ ಕ್ಷೇತ್ರಗಳಿಗಿಂತ ಓಣಿಯ ಗುಡಿಯೇ ಮೇಲು ಎಂಬುದು ನನ್ನ ಹಳೆಯ ಅಭಿಪ್ರಾಯ. ನಮ್ಮಲ್ಲಿಯಾದರೂ ಅಷ್ಟೇ ಅಲ್ಲವೆ? ಜಾತ್ರೆಯ ಗದ್ದಲದಲ್ಲಿ ಕಾಣದ ನಂಬಿಕೆಯು ಮುಂಜಾನೆ ಬಸವಣ್ಣನ ಕಟ್ಟೆಗೆ ನೀರು ಹಾಕುವ ಮುದುಕಿಯ ಕೈಯಲ್ಲಿ ಕಾಣುತ್ತದೆ. ಆದಕಾರಣ, "ನಿಮ್ಮ ಕಚೇರಿಯ ಆಳುಗಳು ದಿನಾಲೂ ಹೋಗೋ ಸಣ್ಣ ಗುಡಿ ಯಾವುದಾದರೂ ಇದ್ದರೆ ತೋರಿಸು ತಮ್ಮಾ" ಎಂದೆ. ಅವನು ಯೋಚಿಸಿ ತ್ಸುಕಿಜಿಯ ಹೆಸರು ಹೇಳಿದ.

ಸುರಂಗ ರೈಲಿನ ನಿಲ್ದಾಣದಿಂದ ಮೇಲೆ ಬಂದೊಡನೆ ಎದುರಾದದ್ದು ಶಿಂತೋ ಗುಡಿಯಲ್ಲ, ಒಂದು ಬೌದ್ಧ ದೇವಾಲಯ. ಅದನ್ನು ಕಂಡು ನನಗೆ ಕ್ಷಣಕಾಲ ದಿಗ್ಭ್ರಮೆಯಾಯಿತು. ಅಜಂತಾದ ಚೈತ್ಯಗಳ ಮುಖಮಂಟಪವನ್ನೇ ಎತ್ತಿ ತಂದಿಟ್ಟಂತೆ ಕಮಾನು, ಇಕ್ಕೆಲದಲ್ಲಿ ಸ್ತೂಪದ ಆಕಾರದ ಗೋಪುರಗಳು! ಇದು ಹೊಂಗಾನ್‌ಜಿ ಪಂಥದವರ ದೇವಾಲಯ. 1923ರ ಮಹಾಭೂಕಂಪದ ಬೆಂಕಿಯಲ್ಲಿ ಹಳೆಯದು ನಾಶವಾದ ಬಳಿಕ ಇತೋ ಚೂತಾ ಎಂಬ ಶಿಲ್ಪಶಾಸ್ತ್ರಜ್ಞರು ಇದನ್ನು ರೂಪಿಸಿದರು. 1934ರಲ್ಲಿ ಕಟ್ಟಡ ಪೂರ್ಣಗೊಂಡಿತು. ಅವರು ಯುವಕರಾಗಿದ್ದಾಗ, 1902ರಿಂದ ಮೂರು ವರ್ಷ, ಚೀನಾ, ಭಾರತ, ತುರ್ಕಿಗಳನ್ನು ಸುತ್ತಿ ನೋಡಿದ್ದವರು. ಬುದ್ಧನ ನಾಡಿನ ಶಿಲ್ಪವನ್ನು ತಮ್ಮ ನಾಡಿನಲ್ಲಿ ನಿಲ್ಲಿಸಬೇಕೆಂಬ ಅವರ ಹಂಬಲ ಇಲ್ಲಿ ಕಲ್ಲಾಗಿ ನಿಂತಿದೆ. ಈ ದೇವಾಲಯಕ್ಕೂ ನಾನು ಅರಸಿ ಬಂದ ಚಿಕ್ಕ ಗುಡಿಗೂ ಮತ ಬೇರೆಯಾದರೂ ಜನ್ಮವೃತ್ತಾಂತ ಒಂದೇ.

1657ರಲ್ಲಿ ಈ ನಗರವನ್ನು ಒಂದು ಅಗ್ನಿಪ್ರಳಯ ಸುಟ್ಟು ಬೂದಿ ಮಾಡಿತು. ಆಗ ನಗರದ ಹೆಸರು ಎದೊ. ನೆಲೆಗೆಟ್ಟವರಿಗೆ ನೆಲ ಬೇಕಾಯಿತು. ಸುಟ್ಟುಹೋದ ಹೊಂಗಾನ್‌ಜಿಗೂ ಹೊಸ ಜಾಗ ಬೇಕಾಯಿತು. ಸಮುದ್ರದ ಅಂಚನ್ನು ಮಣ್ಣು ಕಲ್ಲುಗಳಿಂದ ತುಂಬುವ ಕೆಲಸ ಮೊದಲಾಯಿತು. ಆದರೆ ಹಗಲು ಕಟ್ಟಿದ ಒಡ್ಡನ್ನು ಅಲೆಗಳು ಮತ್ತೆ ಮತ್ತೆ ಒಡೆದುಹಾಕುತ್ತಿದ್ದವು. ಹೀಗಿರುವಾಗ ಒಂದು ರಾತ್ರಿ ನೀರಿನ ಮೇಲೆ ಬೆಳಗುತ್ತ ತೇಲುವ ವಸ್ತುವೊಂದು ಕಂಡಿತಂತೆ. ಜನ ದೋಣಿ ಹಾಕಿ ಹೋಗಿ ನೋಡಿದರೆ ಅದು ಇನಾರಿ ದೇವರ ಸಾನ್ನಿಧ್ಯವಿರುವ ವಸ್ತು. 1659ರಲ್ಲಿ ದಡದ ಮೇಲೆ ಅದಕ್ಕೊಂದು ಗುಡಿ ಕಟ್ಟಿದರು. ಅಲೆಗಳು ಶಾಂತವಾದವು, ಒಡ್ಡು ನಿಂತಿತು. ಸ್ಥಳಪುರಾಣವೆಂಬುದು ಎಲ್ಲ ನಾಡುಗಳಲ್ಲೂ ಒಂದೇ ತೆರನಾಗಿ ಮಾತಾಡುತ್ತದೆ. ಕಟ್ಟಿದ ಕೆರೆಗೆ ನೀರು ಬಾರದಿದ್ದಾಗ ನಮ್ಮವರು ಭಾಗೀರಥಿಯಂಥ ಸೊಸೆಯನ್ನು ಬಲಿಕೊಟ್ಟ ಕಥೆ ಕಟ್ಟಿದರು. ಇವರ ಕಥೆಯಲ್ಲಿ ಬಲಿಯಿಲ್ಲ. ಬೆಳಕೊಂದು ತಾನಾಗಿ ತೇಲಿ ಬಂದಿತು. ಈ ಭೇದವನ್ನು ನಾನು ಗುಡಿಗೆ ಹೋಗುವ ಮೊದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಗುಡಿಯ ಮುಂದೆ ತೋರಿಯಿ ಎಂಬ ಬಾಗಿಲಿಲ್ಲದ ತೋರಣಗಂಬ. ಒಳಗೆ ಅಡಿಯಿಡುವ ಮುನ್ನ ಜನ ಅಲ್ಲಿ ತಲೆಬಾಗುತ್ತಾರೆ. ನನ್ನ ಸೋದರಳಿಯ ಮೆಲ್ಲಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. "ನಡುವಿನ ಹಾದಿ ದೇವರದಂತ್ರಿ ಮಾಮಾ. ನಾವು ಬದಿಗೆ ನಡೀಬೇಕ್ರಿ." ಈ ಮಾತು ನನಗೆ ಬಹಳ ಹಿಡಿಸಿತು. ನಡುವೆ ಯಾರೂ ನಡೆಯದ ಹಾದಿಯೊಂದನ್ನು ಖಾಲಿ ಬಿಡುವುದೇ ಒಂದು ಪೂಜೆ. ಮುಂದೆ ಕಲ್ಲಿನ ತೊಟ್ಟಿಯ ನೀರು. ಮೊದಲು ಎಡಗೈ, ಬಳಿಕ ಬಲಗೈ, ಬಳಿಕ ಎಡಗೈ ಬೊಗಸೆಯಲ್ಲಿ ಹಿಡಿದ ನೀರಿನಿಂದ ಬಾಯಿ. ಸೌಟಿಗೆ ತುಟಿ ತಗಲಕೂಡದು. ಮಡಿಯ ಈ ಸೂಕ್ಷ್ಮವನ್ನು ಮಠದಲ್ಲಿ ಬೆಳೆದ ನನಗೆ ಯಾರೂ ಕಲಿಸಿಕೊಡಬೇಕಾಗಲಿಲ್ಲ.

ಶಿಂತೋ ಮತಕ್ಕೆ ಒಬ್ಬ ಸ್ಥಾಪಕನಿಲ್ಲ, ನಮ್ಮ ವಚನಗಳಂತೆ ಆಧಾರವಾದ ಒಂದು ಸಾಹಿತ್ಯರಾಶಿಯೂ ಇಲ್ಲ. ಬೆಟ್ಟದಲ್ಲಿ, ಮರದಲ್ಲಿ, ನೀರಿನಲ್ಲಿ, ಪೂರ್ವಜರಲ್ಲಿ ನೆಲೆಸಿದ ಶಕ್ತಿಯನ್ನು 'ಕಾಮಿ' ಎಂದು ಕರೆದು ಅದಕ್ಕೆ ಬಾಗುವುದೇ ಅದರ ತಿರುಳು. ಇನಾರಿಯು ಭತ್ತದ, ಅನ್ನದ, ವ್ಯಾಪಾರದ ದೇವರು. ಆ ನಾಡಿನಲ್ಲಿ ಇನಾರಿಯ ಗುಡಿಗಳೇ ಸಾವಿರಾರು. ಕ್ಯೋಟೋ ನಗರದ ಫುಶಿಮಿಯಲ್ಲಿ ಇರುವುದು ಅವೆಲ್ಲಕ್ಕೆ ಹಿರಿಯದು. ಅಂಥ ಗುಡಿಗಳಲ್ಲಿ ನರಿಯ ಮೂರ್ತಿಗಳಿರುವುದನ್ನು ಕಂಡು ಅವರು ನರಿಯನ್ನು ಪೂಜಿಸುತ್ತಾರೆಂದು ಹೊರಗಿನವರು ಬರೆದದ್ದುಂಟು. ಅದು ತಿಳಿಗೇಡಿತನ. ನರಿ ದೇವರ ದೂತ, ನಂದಿ ನಮ್ಮಲ್ಲಿ ಶಿವನ ವಾಹನವಿದ್ದಂತೆ. ದೇವರೆಂದು ಭಾವಿಸುವ ವಸ್ತು ಗರ್ಭಗುಡಿಯ ಒಳಗೆ ಮುಚ್ಚಿಯೇ ಇರುತ್ತದೆ. ಅದಕ್ಕೆ 'ಗೊಶಿಂತಾಯ್' ಎನ್ನುತ್ತಾರೆ. ದೇವರ ಕಾಯ ಎಂದು ಅರ್ಥ. ಅನೇಕ ಗುಡಿಗಳಲ್ಲಿ ಅದೊಂದು ಕನ್ನಡಿ. ಭಕ್ತರು ಅದನ್ನು ನೋಡುವುದಿಲ್ಲ, ನೋಡಬೇಕೆಂಬ ಆಸೆಯೂ ಅವರಿಗಿಲ್ಲ. ನಮ್ಮ ಇಷ್ಟಲಿಂಗವಾದರೋ ದಿನವೂ ಅಂಗೈಯಲ್ಲಿ ಕಣ್ಣೆದುರಿಗೆ ಇರುವುದು. ದೃಷ್ಟಿಯೇ ಅಲ್ಲಿ ಪೂಜೆ.

ಈ ಗುಡಿಯ ವಿಶೇಷ ನರಿಗಳಲ್ಲ, ಸಿಂಹಗಳು. ತೋರಣಗಂಬದ ಇಕ್ಕೆಲದಲ್ಲಿ ಮಂಟಪಗಳೊಳಗೆ ಮರದಲ್ಲಿ ಕೆತ್ತಿದ ಎರಡು ಬೃಹತ್ ಸಿಂಹದ ತಲೆಗಳಿವೆ. ಗಂಡು ಸಿಂಹದ ತಲೆಯ ಎತ್ತರ 2.4 ಮೀಟರ್, ಅಗಲ 3.3 ಮೀಟರ್, ತೂಕ ಒಂದು ಟನ್. ಮೋಡವನ್ನು ಆಳುವುದು ಡ್ರ್ಯಾಗನ್, ಗಾಳಿಯನ್ನು ಆಳುವುದು ಹುಲಿ, ತನ್ನ ಒಂದೇ ಗರ್ಜನೆಯಿಂದ ಎಲ್ಲವನ್ನೂ ಅಡಗಿಸುವುದು ಸಿಂಹ ಎಂಬ ಭಾವನೆಯಿಂದ ಹಿಂದಿನವರು ಇವುಗಳ ತಲೆಗಳನ್ನು ಮಾಡಿಸಿ ಅರ್ಪಿಸಿದರು. ಈಗಿನ ಗಂಡು ಸಿಂಹ 1990ರಲ್ಲಿ ಮತ್ತೆ ಮಾಡಿಸಿದ್ದು. ಕೆಂಪು ಬಣ್ಣದ ಹೆಣ್ಣು ಸಿಂಹಕ್ಕೆ ಹಲ್ಲು ಕಪ್ಪು. ಹಿಂದೆ ಆ ನಾಡಿನ ಮುತ್ತೈದೆಯರು ಹಲ್ಲಿಗೆ ಕಪ್ಪು ಬಳಿದುಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರು ಹಲ್ಲಿಗೆ ಚಿಟ್ಟು ಹಚ್ಚುತ್ತಿದ್ದುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಈ ಹೆಣ್ಣು ಸಿಂಹ ಬೆಂಜಾಯಿತೆನ್ ದೇವಿಯ ಹೆಸರನ್ನು ಹೊತ್ತಿದೆ. ಬೆಂಜಾಯಿತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿಯೇ. ಬೌದ್ಧ ಗ್ರಂಥಗಳೊಡನೆ ಚೀನಾ ದಾಟಿ ಬಂದು ಇಲ್ಲಿ ನೀರಿನ, ಸಂಗೀತದ, ಸಂಪತ್ತಿನ ದೇವಿಯಾಗಿ ನೆಲೆಸಿದ್ದಾಳೆ. 1868ರಲ್ಲಿ ಅಲ್ಲಿನ ಹೊಸ ಸರ್ಕಾರ ಶಿಂತೋ ದೇವತೆಗಳನ್ನೂ ಬೌದ್ಧ ದೇವತೆಗಳನ್ನೂ ಪ್ರತ್ಯೇಕಿಸಲು ಆಜ್ಞೆ ಹೊರಡಿಸಿ ಅನೇಕ ಮೂರ್ತಿಗಳು ನಾಶವಾದವು. ಆದರೂ ಬೆಂಜಾಯಿತೆನ್‌ಳನ್ನು ಜನ ಬಿಡಲಿಲ್ಲ. ಆಜ್ಞೆಗಳು ಬರುತ್ತವೆ, ಹೋಗುತ್ತವೆ. ಮುದುಕಿಯರು ಹಚ್ಚುವ ದೀಪ ಹಚ್ಚುತ್ತಲೇ ಇರುತ್ತಾರೆ.

ಅಂದು ಕೆಲಸದ ದಿನವಾದರೂ ಒಂದು ಕುಟುಂಬ ಬಂದಿತ್ತು. ಮೂರು ವರ್ಷದ ಹುಡುಗಿಗೆ ರೇಷ್ಮೆಯ ಕಿಮೊನೊ ಉಡಿಸಿ, ತಾಯಿ ತಂದೆ, ಅಜ್ಜ ಅಜ್ಜಿ ಕೈಹಿಡಿದು ಕರೆತಂದಿದ್ದರು. ನವೆಂಬರ್ 15ರ ಆಸುಪಾಸಿನಲ್ಲಿ ಏಳು, ಐದು, ಮೂರು ವರ್ಷದ ಮಕ್ಕಳನ್ನು ಗುಡಿಗೆ ಒಯ್ದು ಆಯುರಾರೋಗ್ಯ ಬೇಡುವ ಪದ್ಧತಿಯಿದೆ. ಮಗುವಿನ ಕೈಯಲ್ಲಿ ಉದ್ದನೆಯ ಸಿಹಿಕಡ್ಡಿಗಳ ಚೀಲ. ಅದಕ್ಕೆ ದೇವರಿಗಿಂತ ಆ ಚೀಲದ ಮೇಲೆಯೇ ಗಮನವಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಿಸುವ ನಮ್ಮ ಮನೆಗಳಲ್ಲಿ ಈಚೆಗೆ ಅದು ನಾಮಕರಣದ ಭೋಜನಕೂಟದ ನಡುವೆ ಹತ್ತು ನಿಮಿಷದಲ್ಲಿ ಮುಗಿಯುವುದನ್ನು ಕಂಡಿದ್ದೇನೆ. ಆ ಅಜ್ಜನು ಮೊಮ್ಮಗಳ ಎರಡು ಅಂಗೈಗಳನ್ನು ತನ್ನ ಕೈಗಳ ನಡುವೆ ಹಿಡಿದು ಚಪ್ಪಾಳೆ ತಟ್ಟಲು ಕಲಿಸುತ್ತಿದ್ದುದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ.

ಚಪ್ಪಾಳೆಯೇ ಅಲ್ಲಿನ ಪೂಜೆ. ಕಾಣಿಕೆ ಪೆಟ್ಟಿಗೆಗೆ ನಾಣ್ಯ ಹಾಕಿ, ಎರಡು ಬಾರಿ ಬಾಗಿ, ಎರಡು ಬಾರಿ ಕೈತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಐದು ಯೆನ್ ನಾಣ್ಯ ಶ್ರೇಷ್ಠವಂತೆ. 'ಗೊ-ಎನ್' ಎಂಬ ಅದರ ಉಚ್ಚಾರಕ್ಕೆ 'ಋಣಾನುಬಂಧ' ಎಂಬ ಅರ್ಥವೂ ಆಗುತ್ತದೆ. ಈಗ ನನ್ನ ಸರದಿ ಬಂತು. "ಮಾಮಾ, ನೀವು ಕೈ ಮುಗೀತೀರೇನ್ರಿ?" ಎಂದು ಸೋದರಳಿಯ ತುಸು ಅಳುಕುತ್ತಲೇ ಕೇಳಿದ.

ಆ ಪ್ರಶ್ನೆ ಸಣ್ಣದಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ಅನ್ಯ ದೈವದ ಗುಡಿಯಲ್ಲಿ ಏನು ಕೆಲಸ? ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರು. ದೇಹವನ್ನೇ ಗುಡಿಯಾಗಿ ಕಂಡವರು. ಅಂಥವರ ಹಾದಿಯಲ್ಲಿ ನಡೆಯುವವನು ಕಲ್ಲು ಮಣ್ಣಿನ ಗುಡಿಗೆ ತಲೆಬಾಗಿದರೆ ನಿಷ್ಠೆಗೆ ಕುಂದಲ್ಲವೆ ಎಂದು ನಮ್ಮವರು ಕೇಳುವುದುಂಟು. ವಿದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಇದನ್ನು ದಿನವೂ ಎದುರಿಸುತ್ತಾರೆ. ಕಚೇರಿಯ ಹಿರಿಯರು ಹೊಸ ವರ್ಷಕ್ಕೆ ಎಲ್ಲರನ್ನೂ ಗುಡಿಗೆ ಕರೆದೊಯ್ಯುತ್ತಾರೆ. ಹುಡುಗ ಹೊರಗೆ ನಿಲ್ಲಬೇಕೆ, ಒಳಗೆ ಹೋಗಬೇಕೆ? ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಬೇಡುವುದು ಬೇರೆ, ಗೌರವಿಸುವುದು ಬೇರೆ. ಬೇಡಿಕೆಯೆಲ್ಲ ಅಂಗೈಯ ಲಿಂಗಕ್ಕೆ ಸಲ್ಲಬೇಕು. ಅದನ್ನು ಇನ್ನೊಂದು ಬಾಗಿಲಲ್ಲಿ ಇಡುವುದು ನಿಷ್ಠೆಯ ಭಂಗವೇ ಸರಿ. ಆದರೆ ಮುನ್ನೂರ ಅರವತ್ತು ವರ್ಷಗಳಿಂದ ಜನ ಕಣ್ಣೀರು, ಭಯ, ಕೃತಜ್ಞತೆಗಳನ್ನು ತಂದಿಟ್ಟ ಜಾಗದ ಮುಂದೆ ಕೈಮುಗಿದರೆ ಕುಂದಾಗುವ ನಿಷ್ಠೆ ಅಷ್ಟು ಗಟ್ಟಿಯಾದ ನಿಷ್ಠೆಯಲ್ಲ. ನಾನು ನಾಣ್ಯ ಹಾಕಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ನಮ್ಮ ರೀತಿಯಲ್ಲಿ ಕೈಜೋಡಿಸಿ, ತಲೆಬಾಗಿ, ಸರಿದು ನಿಂತೆ. ಯಾರೂ ಏನೂ ಎನ್ನಲಿಲ್ಲ.

ಆ ಗುಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೇವರಲ್ಲ, ಅಂಗಳದ ಕಲ್ಲುಗಳು. ತ್ಸುಕಿಜಿ ಎಂದರೆ ಮೀನು. 1923ರ ಭೂಕಂಪದಲ್ಲಿ ನಿಹೊಂಬಾಶಿಯ ಹಳೆಯ ಮೀನುಪೇಟೆ ನಾಶವಾದ ಮೇಲೆ ಅದು ಇಲ್ಲಿಗೆ ಬಂದಿತು. 1935ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಮುಂದೆ ಜಗತ್ತಿನಲ್ಲಿಯೇ ಹಿರಿದೆನಿಸಿತು. ಆ ಪೇಟೆಯ ವ್ಯಾಪಾರಿಗಳೂ ಅಡಿಗೆಯವರೂ ಗುಡಿಯ ಹಾದಿಯ ಬದಿಯಲ್ಲಿ ಒಂದೊಂದಾಗಿ ಕಲ್ಲುಗಳನ್ನು ನೆಡಿಸಿದ್ದಾರೆ. ಒಂದು ಸೀಗಡಿಯ ಕಲ್ಲು. ಒಂದು ಜೀವಂತವಾಗಿ ಮಾರಾಟವಾಗುವ ಮೀನುಗಳ ಕಲ್ಲು. ಒಂದು ಸುಶಿ ಎಂಬ ತಿನಿಸಿಗಾಗಿ ಪ್ರಾಣ ತೆತ್ತ ಮೀನುಗಳದು. ಒಂದು ಕಪ್ಪೆಚಿಪ್ಪಿನದು. ಒಂದು ದುಂಡನೆಯ ಕಲ್ಲು ಮೊಟ್ಟೆಯದು. ತಾವು ಕೊಂದು, ಮಾರಿ, ಉಂಡು, ಹೊಟ್ಟೆ ಹೊರೆದ ಜೀವಗಳಿಗೆ ಕೃತಜ್ಞತೆ ಹೇಳಿ ಅವುಗಳ ಆತ್ಮಗಳನ್ನು ಸಮಾಧಾನಪಡಿಸಲು ನೆಟ್ಟ ಸ್ಮಾರಕಗಳಿವು. ಇಂಥ ಆಚರಣೆಗೆ ಅವರ ಮಾತು 'ಕುಯೋ'. ಸಂಸ್ಕೃತದ 'ಪೂಜಾ' ಶಬ್ದವನ್ನು ಬೌದ್ಧರು ಚೀನೀ ಅಕ್ಷರಗಳಿಗೆ ತಿರುಗಿಸಿದಾಗ ಹುಟ್ಟಿದ ಮಾತು ಅದು. ಫೆಬ್ರುವರಿ 8ರಂದು ದರ್ಜಿಗಳೂ ಗೃಹಿಣಿಯರೂ ಮುರಿದ ಸೂಜಿಗಳನ್ನು ಮೆತ್ತನೆಯ ಸೋಯಾ ಗಿಣ್ಣದಲ್ಲಿ ಚುಚ್ಚಿ ಅವಕ್ಕೂ ಕುಯೋ ಮಾಡುತ್ತಾರೆ. ಜೀವಮಾನವೆಲ್ಲ ಒರಟು ಬಟ್ಟೆಯಲ್ಲಿ ದುಡಿದ ಸೂಜಿ ಕೊನೆಗೊಮ್ಮೆ ಮೆತ್ತಗೆ ಮಲಗಲಿ ಎಂದು. ಕಾಯಕದ ಉಪಕರಣಕ್ಕೆ ತೋರುವ ಈ ಆದರವನ್ನು ನಮ್ಮ ಶರಣರು ಕಂಡಿದ್ದರೆ ಸಂತೋಷಪಡುತ್ತಿದ್ದರು.

ಆದರೆ ಮೀನಿನ ಕಲ್ಲಿನ ಮುಂದೆ ಸಸ್ಯಾಹಾರಿಯಾದ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಕೊಲ್ಲುವುದು ಮುಂಜಾನೆ, ಕೈಮುಗಿಯುವುದು ಮಧ್ಯಾಹ್ನ, ಇದೆಂಥ ದಯೆ? ದಯೆಯನ್ನು ಧರ್ಮದ ಬುನಾದಿಯಾಗಿಸಿದ ಬಸವಣ್ಣನವರ ದಾರಿಯಲ್ಲಿ ಬೆಳೆದವನು ಕಲ್ಲು ನೆಟ್ಟರೆ ಹಿಂಸೆ ತೊಳೆದುಹೋಗುತ್ತದೆಂದು ಒಪ್ಪಲಾರ. ನಾನೂ ಒಪ್ಪಿಲ್ಲ. ಆದರೆ ಅಲ್ಲಿ ನಿಂತಂತೆ ಇನ್ನೊಂದು ಮಾತು ತಲೆಯೆತ್ತಿತು. ಈ ಕಲ್ಲುಗಳು ಹಿಂಸೆ ನಡೆಯಲಿಲ್ಲವೆಂದು ಹೇಳುತ್ತಿಲ್ಲ. ನಡೆದಿದೆ ಎಂದೇ ಹೇಳುತ್ತಿವೆ. ಸೀಗಡಿಯಂಥ ಕ್ಷುದ್ರಜೀವಿಯ ಹೆಸರನ್ನೂ ಕಲ್ಲಿನಲ್ಲಿ ಕೊರೆಸಿ, ದಿನವೂ ಅದರ ಮುಂದೆ ಹಾದುಹೋಗುವಂತೆ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡಿದ್ದಾರೆ. ನಾವು ಮೀನು ತಿನ್ನುವುದಿಲ್ಲ, ನಿಜ. ಆದರೆ ನಮ್ಮ ಜೋಳದ ಹೊಲದಲ್ಲಿ ಕುಂಟೆಯ ಕೆಳಗೆ ಸಿಕ್ಕ ಹುಳುವಿಗೆ, ಹತ್ತಿಗೆ ಹೊಡೆದ ಔಷಧದಿಂದ ಸತ್ತ ಜೇನಿಗೆ, ದುಡಿಸಿಕೊಂಡು ಮುದಿಯಾದ ಮೇಲೆ ಸಂತೆಗೆ ಅಟ್ಟಿದ ಎತ್ತಿಗೆ ಯಾವ ಕಲ್ಲು ನೆಟ್ಟಿದ್ದೇವೆ? ಮಠದ ಪಂಕ್ತಿಯಲ್ಲಿ ತಾಟಿನಲ್ಲಿ ಅಗುಳು ಬಿಡುವುದು ನಮಗೆ ತಿಳಿಯದ ವಿಷಯವಾಗಿತ್ತು, ಅದು ಪ್ರಸಾದ. ಇಂದು ನಮ್ಮ ಮದುವೆ ಮಂಟಪಗಳ ಹಿಂದೆ ಬುಟ್ಟಿಗಟ್ಟಲೆ ಅನ್ನ ಚೆಲ್ಲಿರುತ್ತದೆ. ಕೊಲ್ಲದಿರುವುದರಲ್ಲಿ ನಮ್ಮ ಮೇಲ್ಮೆ ಇರಬಹುದು, ನೆನೆಯುವುದರಲ್ಲಿ ಅವರದು.

ಎಲ್ಲದರಲ್ಲಿಯೂ ಅವರನ್ನು ಹೊಗಳಬೇಕಾದ್ದಿಲ್ಲ. ಶಿಂತೋ ಮತಕ್ಕೆ ಮೈಲಿಗೆಯ ಭಯ ದೊಡ್ಡದು. ಸಾವು ಅದಕ್ಕೆ ಪರಮ ಮೈಲಿಗೆ. ಮನೆಯಲ್ಲಿ ಸಾವಾದವರು ಸಾಮಾನ್ಯವಾಗಿ 50 ದಿನಗಳವರೆಗೆ ತೋರಣಗಂಬವನ್ನು ದಾಟುವುದಿಲ್ಲ. ಉತ್ತರಕ್ರಿಯೆಗಳನ್ನೆಲ್ಲ ಹೆಚ್ಚಿನವರು ಬೌದ್ಧ ಭಿಕ್ಷುಗಳಿಗೆ ಬಿಟ್ಟಿದ್ದಾರೆ. ಹೆರಿಗೆ, ಮುಟ್ಟುಗಳ ಮೈಲಿಗೆಯೂ ಹಿಂದೆ ಬಲವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿಯೇ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತನಿಗೆ ಇಲ್ಲವೆಂದು ಕಿತ್ತೊಗೆದ ಶರಣರ ಧೈರ್ಯ ಎಂಥದೆಂಬುದು ಇಂಥಲ್ಲಿ ನಿಂತಾಗ ಹೊಸದಾಗಿ ಮನವರಿಕೆಯಾಗುತ್ತದೆ. ದುಃಖದಲ್ಲಿದ್ದವನಿಗೆ ದೇವರ ಬಾಗಿಲು ಐವತ್ತು ದಿನ ಮುಚ್ಚುವುದೆಂದರೇನು! ನಾವು ಇದನ್ನು ಹೇಳುವಾಗ ನಮ್ಮ ಮನೆಗಳಲ್ಲಿ ಇಂದಿಗೂ ಮುಟ್ಟಾದ ಹೆಣ್ಣುಮಕ್ಕಳನ್ನು ಪೂಜೆಯಿಂದ ದೂರವಿಡುವವರು ಎಷ್ಟು ಮಂದಿ ಎಂಬುದನ್ನೂ ಎಣಿಸಿಕೊಳ್ಳಬೇಕು.

ಗುಡಿಯ ಬೆನ್ನಿಗೆ ಹೊಂದಿಕೊಂಡಿದ್ದ ಸಗಟು ಮೀನುಪೇಟೆ ಈಗ ಅಲ್ಲಿಲ್ಲ. 2018ರ ಅಕ್ಟೋಬರ್ 6ರಂದು ಅದನ್ನು ಮುಚ್ಚಿ, 11ರಂದು ಎರಡು ಕಿಲೋಮೀಟರಿನಷ್ಟು ದೂರದ ತೋಯೋಸು ಎಂಬಲ್ಲಿ ಹೊಸ ಪೇಟೆಯನ್ನು ತೆರೆದರು. ಅದೂ ಸಮುದ್ರವನ್ನು ತುಂಬಿ ಮಾಡಿದ ನೆಲವೇ. ಮೀನುಪೇಟೆಯವರದೇ ಆದ ಒಬ್ಬ ಜಲದೇವತೆಯ ಗುಡಿಯೂ ತ್ಸುಕಿಜಿಯಲ್ಲಿತ್ತು. ಆ ದೇವರು ವ್ಯಾಪಾರಿಗಳ ಸಂಗಡ ತೋಯೋಸುವಿಗೆ ನಡೆದನು. ನಾಮಿಯೋಕೆಯ ದೇವರು ಮಾತ್ರ ಇದ್ದಲ್ಲಿಯೇ ಉಳಿದನು. ಅವನು ಪೇಟೆಯ ದೇವರಲ್ಲ, ನೆಲದ ದೇವರು. ಸ್ಥಾವರ ಜಂಗಮಗಳ ವಿಚಾರವನ್ನು ಗ್ರಂಥಗಳಲ್ಲಿ ಓದಿ, ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನನಗೆ ಅದು ಹೀಗೆ ಎರಡು ದೇವರುಗಳ ರೂಪದಲ್ಲಿ ಮೀನುಪೇಟೆಯಲ್ಲಿ ಎದುರಾಗುತ್ತದೆಂದು ಎಣಿಕೆಯಿರಲಿಲ್ಲ.

ಹೊರಪೇಟೆಯ ಚಿಲ್ಲರೆ ಅಂಗಡಿಗಳು ಈಗಲೂ ಅಲ್ಲಿಯೇ ಇವೆ. ಚಾಕು ಕತ್ತಿ ಮಾರುವವರು, ಒಣಗಿದ ಕಡಲ ಪಾಚಿ ಮಾರುವವರು, ಚಹಾ ಮಾರುವವರು. ನಾವು ಕಲ್ಲುಗಳ ಬಳಿ ನಿಂತಿದ್ದಾಗ ಚಹಾ ಅಂಗಡಿಯ ಒಬ್ಬ ವೃದ್ಧರು ಗುಡಿಗೆ ಬಂದು ಬಾಗಿ ಹಿಂದಿರುಗುವಾಗ ನನ್ನ ಹಣೆಯ ವಿಭೂತಿಯನ್ನು ನೋಡಿ ನಿಂತರು. ಸೋದರಳಿಯ ಅವರ ಭಾಷೆಯಲ್ಲಿ ಮಾತಾಡಿದ. ಅವರು ದಿನವೂ ಅಂಗಡಿಯ ಕದ ತೆರೆಯುವ ಮುನ್ನ ಇಲ್ಲಿಗೆ ಬರುತ್ತಾರಂತೆ. ಪೇಟೆ ಹೋದ ಮೇಲೆ ಹಳೆಯ ಗಿರಾಕಿಗಳು ಹೋದರು, ಪ್ರವಾಸಿಗಳು ಬಂದರು. ಪ್ರವಾಸಿಗಳು ಚಿತ್ರ ತೆಗೆದುಕೊಳ್ಳುತ್ತಾರೆ, ಚಹಾ ಕೊಳ್ಳುವುದಿಲ್ಲ ಎಂದರು. ನಾನು ನಕ್ಕೆ. ಅವರೂ ನಕ್ಕರು.

ಬಳಿಕ ಅವರು ನನ್ನ ಶಿವದಾರವನ್ನೂ ಅದರ ತುದಿಯ ಬೆಳ್ಳಿಯ ಕರಡಿಗೆಯನ್ನೂ ತೋರಿಸಿ ಅದೇನೆಂದು ವಿಚಾರಿಸಿದರು. "ಏನಂತ ಹೇಳ್ಲಿ ಮಾಮಾ?" ಎಂದ ಸೋದರಳಿಯ. "ಇದು ನಮ್ಮ ಗೊಶಿಂತಾಯ್ ಅಂತ ಹೇಳು. ಗುಡಿಯೊಳಗ ಇಡೋದಿಲ್ಲ, ಮೈಮ್ಯಾಲೆ ಇಟ್ಕೊಂಡು ತಿರುಗತೀವಿ ಅಂತ ಹೇಳು" ಎಂದೆ. ವೃದ್ಧರು ಕರಡಿಗೆಯನ್ನು ಬಹಳ ಹೊತ್ತು ನೋಡಿದರು. ಹಾಗಾದರೆ ಮನುಷ್ಯ ಸತ್ತಾಗ ಅದನ್ನು ಯಾರಿಗೆ ಕೊಡುತ್ತೀರಿ ಎಂದು ಕೇಳಿದರು. ಯಾರಿಗೂ ಕೊಡುವುದಿಲ್ಲ, ಅಂಗೈಯಲ್ಲಿಯೇ ಇಟ್ಟು ಅವನೊಡನೆ ಮಣ್ಣಿಗೆ ಒಪ್ಪಿಸುತ್ತೇವೆ ಎಂದು ಉತ್ತರ ಹೇಳಿಸಿದೆ. ಸತ್ತವನನ್ನು ದೇವರು ಮುಟ್ಟಿಕೊಂಡೇ ಇರುತ್ತಾನೆಯೇ ಎಂದು ಅವರು ಮತ್ತೆ ಕೇಳಿದರು. ಹೌದು ಎಂದೆ. ಅವರು ಏನನ್ನೂ ಹೇಳಲಿಲ್ಲ. ಹೋದ ವರ್ಷ ಹೆಂಡತಿ ತೀರಿಕೊಂಡಾಗ ತಾವು ಐವತ್ತು ದಿನ ಈ ಅಂಗಳಕ್ಕೆ ಬರಲಿಲ್ಲವೆಂದೂ, ಮುಂಜಾನೆ ಅಂಗಡಿ ತೆರೆಯುವಾಗ ಕಾಲು ತಾನಾಗಿ ಇತ್ತ ತಿರುಗುತ್ತಿತ್ತೆಂದೂ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು.

ಆಮೇಲೆ ಅವರು ಕರಡಿಗೆಯ ಕಡೆಗೆ ಎರಡು ಬಾರಿ ಬಾಗಿದರು. ಚಪ್ಪಾಳೆ ತಟ್ಟಲಿಲ್ಲ. ನಾನು ಅವರಿಗೆ ಶರಣು ಮಾಡಿದೆ. ಅಂಗಡಿ ಇಲ್ಲೇ ಇದೆ, ಬನ್ನಿ ಎಂದು ಕರೆದೊಯ್ದು ಹುರಿದ ಚಹಾ ಎಲೆಯ ಬಿಸಿ ಕಷಾಯವನ್ನು ಸಣ್ಣ ಬಟ್ಟಲುಗಳಲ್ಲಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಎರಡನೆಯ ಬಟ್ಟಲನ್ನು ನಾನೇ ಕೇಳಿ ಕುಡಿದೆ. ನಾವು ನೂರು ಗ್ರಾಮಿನ ಎರಡು ಪೊಟ್ಟಣ ಕೊಂಡೆವು. ಅವುಗಳಲ್ಲಿ ಒಂದು ಈಗ ಊರಿನಲ್ಲಿ ತಂಗಿಯ ಮನೆಯಲ್ಲಿದೆ. ಹಾಲು ಹಾಕಬಾರದೆಂದು ಎಷ್ಟು ಹೇಳಿದರೂ ಆಕೆ ಕೇಳುವುದಿಲ್ಲ.